ವಿಮಾನಶಿಲ್ಪಿ ಡಾ॥ ವಿಷ್ಣು ಮಾಧವ ಘಾಟಗೆ

ವಿಮಾನವೆಂಬ ಶಬ್ದವನ್ನು ಬಿಡಿಸಿ ನೋಡಿದರೆ ಹಾರುವುದೆಂಬ ಅರ್ಥ ಅದರಲ್ಲಿ ಎಲ್ಲಿಯೂ ದೊರೆಯದು. ಅಲ್ಲಿರುವುದು ‘ಮಾ’ ಎಂಬ ಧಾತು. ಅಳೆಯುವುದು ಎಂದು ಅದರ ಅರ್ಥ. ಮಾನ, ಪ್ರಮಾಣ, ಪರಿಮಾಣ, ಮಾತ್ರೆ ಮೊದಲಾದ ಶಬ್ದಗಳೆಲ್ಲ ಆ ಧಾತುವಿನ ಸಂತಾನವೇ. ‘ವಿ’ ಎಂಬ ಉಪಸರ್ಗ ಸೇರಿ, ವಿಶೇಷವಾಗಿ ಅಳೆದು ರಚಿಸಿದುದು ವಿಮಾನವೆನಿಸಿತು. ಗರ್ಭಗೃಹದ ಮೇಲೇಳುವ ಶಿಖರಸಹಿತವಾದ ರಚನೆಯನ್ನು ಶಿಲ್ಪಶಾಸ್ತ್ರಗಳು ಇದೇ ಹೆಸರಿನಿಂದ ಕರೆಯುತ್ತವೆ. ಅದು ನೆಲಬಿಟ್ಟು ಕದಲುವುದಿಲ್ಲ, ಆದರೂ ಅದು ವಿಮಾನವೇ. ಭಾರತೀಯರು ತಾವೇ ಅಳೆದು, ತಾವೇ ಗೆರೆಯೆಳೆದು ಬೆಂಗಳೂರಿನಲ್ಲಿ ಸಾಲಾಗಿ ನಿರ್ಮಿಸಿದ ಮೊದಲ ವಿಮಾನದ ಕರ್ತೃವಾದ ಡಾ॥ ವಿಷ್ಣು ಮಾಧವ ಘಾಟಗೆಯವರ ಜೀವಿತವನ್ನು ಅವಲೋಕಿಸುವವರಿಗೆ ಈ ವ್ಯುತ್ಪತ್ತಿ ಕೇವಲ ಶಬ್ದಚಮತ್ಕಾರವಾಗಿ ತೋರದು.

ಘಾಟಗೆಯವರು ಜನಿಸಿದುದು 1908ನೆಯ ಇಸವಿಯಲ್ಲಿ, ಕೊಲ್ಹಾಪುರ ಪ್ರಾಂತದ ಗಡಹಿಂಗ್ಲಜ ತಾಲ್ಲೂಕಿನ ಹಸೂರಿನಲ್ಲಿ. ಹಿರಣ್ಯಕೇಶಿ ನದಿ ಗಡಹಿಂಗ್ಲಜವನ್ನು ದಾಟಿ ಸಂಕೇಶ್ವರದ ಕಡೆಗೆ ಹರಿದು ಬರುವ ಸೀಮೆಯದು. ಮರಾಠಿ ಕನ್ನಡಗಳೆರಡೂ ಒಂದೇ ಸಂತೆಯಲ್ಲಿ ಕೇಳಿಬರುವ ಗಡಿನಾಡು. ಮುಂಬಯಿಯಲ್ಲಿ ಉನ್ನತ ವಿದ್ಯಾಭ್ಯಾಸವನ್ನು ಪೂರೈಸಿದ ತರುಣ ಘಾಟಗೆಯವರು ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಅವರಿಗೆ ದೊರೆತ ಗುರು ಸಾಮಾನ್ಯರಲ್ಲ. ಲುಡ್ವಿಗ್ ಪ್ರಾಂಡ್ಟಲ್ ಎಂಬ ಆ ಮಹನೀಯರು 1904ರಲ್ಲಿಯೇ, ಹರಿಯುವ ಗಾಳಿ ಘನವಸ್ತುವಿನ ಮೈಗೆ ಅಂಟಿಕೊಂಡಂತಿರುವ ತೆಳುಪದರದ ಗುಟ್ಟನ್ನು ಲೋಕಕ್ಕೆ ತಿಳಿಸಿದವರು. ರೆಕ್ಕೆಯ ಉದ್ದಕ್ಕೂ ಎತ್ತುವ ಬಲ ಹೇಗೆ ಹಂಚಿಕೆಯಾಗುತ್ತದೆಂಬುದನ್ನು ಗಣಿತದ ಮೂಲಕ ನಿರೂಪಿಸಿದವರು. ಆಧುನಿಕ ವಾಯುಚಲನಶಾಸ್ತ್ರದ ಮೂಲಪುರುಷರೆಂದು ಅವರನ್ನು ಭಾವಿಸುವುದುಂಟು. ಆ ಗುರುವಿನ ಶಿಷ್ಯಪರಂಪರೆಗೆ ಸೇರಿದ ಮೊದಲ ಭಾರತೀಯರೆಂಬ ಹಿರಿಮೆ ಘಾಟಗೆಯವರದು. 1933ರಿಂದೀಚೆಗೆ ಜರ್ಮನಿಯಲ್ಲಿ ರಾಜಕೀಯದ ಬಿರುಗಾಳಿಯೆದ್ದು, ಗಟಿಂಗನ್ನಿನ ಹೆಸರಾಂತ ಗಣಿತಜ್ಞರು ಹಲವರು ತಮ್ಮ ಪೀಠಗಳನ್ನೇ ಕಳೆದುಕೊಂಡ ಕಾಲವದು. ಅಂತಹ ಕಾಲದಲ್ಲಿ ಪರದೇಶದ ವಿದ್ಯಾರ್ಥಿಯೊಬ್ಬನು ಏಕಾಗ್ರತೆಯಿಂದ ವ್ಯಾಸಂಗ ನಡೆಸಿ, 1936ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದು ಸ್ವದೇಶಕ್ಕೆ ಮರಳಿದುದು ಮೆಚ್ಚತಕ್ಕ ವಿಷಯ.

ಮರಳಿದರೇನೋ ಸರಿ, ಆದರೆ ಆ ವಿದ್ಯೆಗೆ ಇಲ್ಲಿ ನೆಲೆಯೆಲ್ಲಿ? ವಿಮಾನದ ಕಾರ್ಖಾನೆಯೊಂದೂ ಇಲ್ಲದ ದೇಶದಲ್ಲಿ ವಿಮಾನವಿದ್ಯೆಯ ಪಂಡಿತನು ನೀರಿಲ್ಲದ ಊರಿನ ಅಂಬಿಗನಂತೆ. ಆ ಕೊರತೆಯನ್ನು ನೀಗಿದುದು ಮೈಸೂರು ಸಂಸ್ಥಾನ. ಉದ್ಯಮಪತಿ ವಾಲ್‌ಚಂದ್ ಹೀರಾಚಂದರು ಮುಂದೆ ಬಂದಾಗ, ಸರ್ ಮಿರ್ಜಾ ಇಸ್ಮಾಯಿಲ್ಲರ ದಿವಾನಗಿರಿಯಲ್ಲಿದ್ದ ಸಂಸ್ಥಾನವು ಬೆಂಗಳೂರಿನ ಪೂರ್ವಕ್ಕೆ ಭೂಮಿಯನ್ನೂ, ಬಂಡವಾಳದಲ್ಲಿ ಪಾಲನ್ನೂ ಕೊಟ್ಟಿತು. 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿತವಾಯಿತು. ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಕೂಡಿಸಿ ಹಾರ್ಲೋ ಎಂಬ ಶಿಕ್ಷಣ ವಿಮಾನವನ್ನು 1941ರ ಆಗಸ್ಟಿನಲ್ಲಿ ಹಾರಿಸಲಾಯಿತು. ಕಾರ್ಖಾನೆಯ ಆ ಮೊದಲ ದಿನಗಳಲ್ಲಿಯೇ ಸೇರಿದ ಕೆಲವೇ ಭಾರತೀಯ ಎಂಜಿನಿಯರುಗಳಲ್ಲಿ ಘಾಟಗೆಯವರೂ ಒಬ್ಬರು. ಎರಡನೆಯ ಮಹಾಯುದ್ಧ ಏಷ್ಯಕ್ಕೆ ಹಬ್ಬಿದ ಮೇಲೆ 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ವಾಯುಪಡೆಯ ಆಡಳಿತದಲ್ಲಿ ಅಲ್ಲಿ ನಡೆದುದು ಮುಖ್ಯವಾಗಿ ವಿಮಾನಗಳ ದುರಸ್ತಿ. ಯುದ್ಧದ ಕಾಲದಲ್ಲಿಯೂ ಘಾಟಗೆಯವರು ಸುಮ್ಮನಿರಲಿಲ್ಲ. ಹತ್ತು ಮಂದಿ ಸೈನಿಕರನ್ನು ಹೊರುವ, ಎಂಜಿನ್ನಿಲ್ಲದ ತೇಲುವಿಮಾನವೊಂದನ್ನು ರೂಪಿಸಿದರು. ಜಿ-1 ಎಂಬ ಹೆಸರಿನ ಅದು ಒಂದೇ ಒಂದು ನಿರ್ಮಾಣವಾಯಿತು. ಸಂಖ್ಯೆ ಒಂದೇ ಆದರೂ, ಅದರ ಗೆರೆಗಳು ಪರರಿಂದ ಬಂದವಲ್ಲ ಎಂಬುದು ಗಮನಾರ್ಹ.

ಅದೇ 1942ರ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಊರ ಜನರ ಬಾಯಲ್ಲಿ ಹೇಳುವುದಾದರೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ವಿಮಾನ ಎಂಜಿನಿಯರಿಂಗಿನ ವಿಭಾಗ ಪ್ರಾರಂಭವಾಯಿತು. ಅದನ್ನು ಕಟ್ಟಿ ನಿಲ್ಲಿಸುವ ಹೊಣೆ ಘಾಟಗೆಯವರ ಪಾಲಿಗೆ ಬಂದಿತು. ಪಠ್ಯಕ್ರಮವಿಲ್ಲ, ಪೂರ್ವಸೂರಿಗಳಿಲ್ಲ, ಯುದ್ಧದ ಅಭಾವದಲ್ಲಿ ಉಪಕರಣಗಳೂ ಇಲ್ಲ. ಹೀಗಿದ್ದರೂ ಅಲ್ಲಿಂದ ಹೊರಬಂದ ಮೊದಲ ತಂಡಗಳ ವಿದ್ಯಾರ್ಥಿಗಳೇ ದೇಶದ ವಿಮಾನೋದ್ಯಮಕ್ಕೆ ಬೆನ್ನೆಲುಬಾದರು. 1951ರಲ್ಲಿ ಸತೀಶ್ ಧವನ್ ಅವರು ಅಧ್ಯಾಪಕರಾಗಿ ಸೇರಿದುದೂ ಇದೇ ವಿಭಾಗಕ್ಕೆ. ಪ್ರಸಂಗವಶಾತ್ ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ವೈಮಾನಿಕ ಶಾಸ್ತ್ರವೆಂಬ ಗ್ರಂಥವನ್ನು ಪ್ರಾಚೀನ ಋಷಿಪ್ರಣೀತವೆಂದು ನಂಬಿದವರು ನಮ್ಮಲ್ಲಿ ಬಹಳ. 1974ರಲ್ಲಿ ಇದೇ ವಿಭಾಗದ ವಿದ್ವಾಂಸರು ಮತ್ತು ಅವರ ಸಹೋದ್ಯೋಗಿಗಳು ಆ ಗ್ರಂಥವನ್ನು ಆದರದಿಂದಲೇ ಪರಿಶೀಲಿಸಿ, ಅದರ ಭಾಷೆ ಇಪ್ಪತ್ತನೆಯ ಶತಮಾನದ್ದೆಂದೂ, ಅದರಲ್ಲಿ ವರ್ಣಿಸಿದ ಯಂತ್ರಗಳು ಹಾರಲಾರವೆಂದೂ ನಿರ್ಣಯಿಸಿದರು. ಸಂಸ್ಕೃತಾಭಿಮಾನಿಗಳು ಇದಕ್ಕಾಗಿ ಮನಸ್ಸನ್ನು ಕಹಿ ಮಾಡಿಕೊಳ್ಳಬೇಕಾಗಿಲ್ಲ. ಶಾಸ್ತ್ರವೆನಿಸಿಕೊಳ್ಳುವುದು ಪರೀಕ್ಷೆಗೆ ಒಡ್ಡಿಕೊಳ್ಳಬೇಕೆಂಬುದು ನಮ್ಮ ತಾರ್ಕಿಕರದೇ ಪದ್ಧತಿ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂದಿತು. ಬೆಂಗಳೂರಿನ ವಿಮಾನ ಕಾರ್ಖಾನೆಗೆ ಆಗ ಮಾಡಲು ವಿಮಾನಗಳೇ ಸಾಕಷ್ಟಿರಲಿಲ್ಲ. ಕೈಕಸುಬು ಬಲ್ಲ ಸಾವಿರಾರು ಮಂದಿ ಕೆಲಸಗಾರರಿಗೆ ಉದ್ಯೋಗ ಬೇಕಲ್ಲ! ರೈಲ್ವೆಯ ಮೂರನೆಯ ತರಗತಿಯ ಲೋಹದ ಗಾಡಿಗಳನ್ನೂ, ಬಸ್ಸುಗಳ ಮೇಲ್ಮೈಗಳನ್ನೂ ಅಲ್ಲಿ ಕಟ್ಟಲಾಯಿತು. ವಿಮಾನಗಳ ಪೈಕಿ ಬ್ರಿಟಿಷರ ಪ್ರೆಂಟಿಸ್ ಎಂಬ ಶಿಕ್ಷಣ ವಿಮಾನವನ್ನು ಅವರದೇ ನಕ್ಷೆಗಳ ಪ್ರಕಾರ ಜೋಡಿಸುವ ಕಾರ್ಯ ನಡೆಯಿತು. ಲಿಪಿಕಾರನಿಗೂ ಕವಿಗೂ ಇರುವ ವ್ಯತ್ಯಾಸವನ್ನು ಬಲ್ಲವರು ಘಾಟಗೆಯವರ ಮನಸ್ಸನ್ನು ಊಹಿಸಬಲ್ಲರು. ಓಲೆಗರಿಯ ಮೇಲೆ ಒಂದಕ್ಷರ ತಪ್ಪದಂತೆ ಪ್ರತಿಮಾಡುವುದು ದೊಡ್ಡ ವಿದ್ಯೆಯೇ ಸರಿ; ಆದರೆ ಮೂಲದಲ್ಲಿ ಒಂದು ಪದ ಏಕೆ ಹಾಗಿದೆಯೆಂದು ಕೇಳಿದರೆ ಲಿಪಿಕಾರನಲ್ಲಿ ಉತ್ತರವಿಲ್ಲ. ಪರರ ನಕ್ಷೆಯಿಂದ ವಿಮಾನ ಕಟ್ಟುವವನ ಸ್ಥಿತಿಯೂ ಅದೇ. ಈ ತಗಡು ಇಷ್ಟೇ ದಪ್ಪವೇಕೆ, ಈ ಮೊಳೆ ಇಲ್ಲಿಯೇ ಏಕೆ ಎಂಬುದಕ್ಕೆ ಉತ್ತರ ಸಮುದ್ರದಾಚೆ ಇರುತ್ತದೆ. ಉತ್ತರ ಇಲ್ಲಿಯೇ ಇರಬೇಕೆಂಬುದು ಘಾಟಗೆಯವರ ಛಲ. ಅದು ಫಲಿಸಿದ ರೂಪವೇ ಎಚ್‌ಟಿ-2.

ಎಚ್‌ಟಿ-2 ದೊಡ್ಡ ವಿಮಾನವಲ್ಲ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 35 ಅಡಿ, ಮೂತಿಯಿಂದ ಬಾಲಕ್ಕೆ ಸುಮಾರು 25 ಅಡಿ. ಸಜ್ಜಾಗಿ ಹೊರಟಾಗ ಒಂದು ಟನ್ನಿನಷ್ಟು ತೂಕ. ಒಂದರ ಹಿಂದೊಂದು ಎರಡು ಆಸನ, ಶಿಷ್ಯನಿಗೊಂದು ಗುರುವಿಗೊಂದು. ಅಂದು ವಾಯುಪಡೆಯಲ್ಲಿಯೂ ಹಾರಾಟದ ಕ್ಲಬ್ಬುಗಳಲ್ಲಿಯೂ ಕಲಿಯುವವರಿಗೆ ಟೈಗರ್ ಮಾತ್ ಎಂಬ ವಿಮಾನವಿತ್ತು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಅವುಗಳ ನಡುವೆ ಊರೆಗೋಲು ಮತ್ತು ತಂತಿ, ಮೈಗೆ ಬಟ್ಟೆಯ ಹೊದಿಕೆ. ಘಾಟಗೆಯವರು ಇವೆಲ್ಲವನ್ನೂ ಬಿಟ್ಟು, ಕೆಳಗೆ ಒಂದೇ ಜೊತೆ ರೆಕ್ಕೆಯುಳ್ಳ, ಊರೆಗೋಲಿಲ್ಲದ, ಪೂರ್ತಿ ಲೋಹದ ವಿಮಾನವನ್ನು ಆರಿಸಿಕೊಂಡರು.

ಇದರ ಮರ್ಮವನ್ನು ತಿಳಿಯಲು ವಿಮಾನದ ಅಂಗರಚನೆಯನ್ನು ಸ್ವಲ್ಪ ನೋಡಬೇಕು. ಮಾಗಡಿ, ಸೋಲೂರಿನ ಆಸುಪಾಸಿನ ಹಳೆಯ ಮನೆಗಳಲ್ಲಿ ಸೂರಿನ ಭಾರವನ್ನು ಹೊರುವುದು ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹೆಂಚು. ಹೆಂಚು ಮಳೆಬಿಸಿಲನ್ನು ತಡೆಯುತ್ತದೆಯೇ ಹೊರತು ಮನೆಯನ್ನು ನಿಲ್ಲಿಸುವುದಿಲ್ಲ. ಬಟ್ಟೆ ಹೊದಿಸಿದ ಹಳೆಯ ವಿಮಾನಗಳದೂ ಇದೇ ನ್ಯಾಯ. ಒಳಗಿನ ಚೌಕಟ್ಟೇ ಸರ್ವಸ್ವ, ಬಟ್ಟೆ ಬರಿಯ ಹೊದಿಕೆ. ಲೋಹದ ವಿಮಾನದಲ್ಲಿ ಹಾಗಲ್ಲ. ಅಲ್ಲಿ ಹೊರಗಿನ ತಗಡು ಕೂಡ ಭಾರ ಹೊರುವ ಅಂಗವೇ. ಬಿದಿರಿನ ಗಳುವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಗಳುವಿನ ಒಳಗೆ ಟೊಳ್ಳು, ಬಲವೆಲ್ಲ ಹೊರಮೈಯಲ್ಲಿದೆ. ಆದರೆ ಗೇಣುಗೇಣಿಗೆ ಗಿಣ್ಣುಗಳಿಲ್ಲದಿದ್ದರೆ ಬಾಗಿಸಿದ ಕ್ಷಣವೇ ಅದು ಚಪ್ಪಟೆಯಾಗಿ ಸೀಳಿಹೋದೀತು. ವಿಮಾನದ ಒಡಲಿನಲ್ಲಿ ಆ ಗಿಣ್ಣುಗಳ ಸ್ಥಾನದಲ್ಲಿ ಅಡ್ಡಬಳೆಗಳಿರುತ್ತವೆ. ಬಲ ಹೆಚ್ಚು ಬೇಕಾದೆಡೆ ಬಳೆಯ ಬದಲು ಗಟ್ಟಿಯಾದ ಅಡ್ಡಗೋಡೆಯೇ ಇರುತ್ತದೆ. ತೆಳುತಗಡು ನಿರಿಗೆಯಾಗಿ ಮಡಿಯದಂತೆ ಉದ್ದುದ್ದಕ್ಕೆ ಸಣ್ಣ ಪಟ್ಟಿಗಳು. ಅವಕ್ಕೆ ಸ್ಟ್ರಿಂಗರ್ ಎಂದು ಹೆಸರು. ಅವಕ್ಕಿಂತ ದಪ್ಪನಾದ ನೀಳದೂಲಗಳು ಲಾಂಜರಾನ್‌ಗಳು. ಇವೆಲ್ಲವನ್ನೂ ಸಾವಿರಾರು ರಿವೆಟ್ಟುಗಳಿಂದ ತಗಡಿಗೆ ಹೆಣೆದರೆ ಒಡಲು ಸಿದ್ಧವಾಗುತ್ತದೆ.

ರೆಕ್ಕೆಯಲ್ಲಿ ಬೆನ್ನುಮೂಳೆಯಂತೆ ಉದ್ದಕ್ಕೆ ಹೋಗುವ ತೊಲೆಗೆ ಸ್ಪಾರ್ ಎಂದೂ, ಅದಕ್ಕೆ ಅಡ್ಡಲಾಗಿ ರೆಕ್ಕೆಯ ಆಕಾರವನ್ನು ಕಾಯುವ ಎಲುಬುಗಳಿಗೆ ರಿಬ್ ಎಂದೂ ಹೆಸರು. ಊರೆಗೋಲಿಲ್ಲದ ರೆಕ್ಕೆ ಮರದ ಕೊಂಬೆಯಂತೆ ಬುಡದಲ್ಲಿ ಮಾತ್ರ ಆಧಾರವನ್ನು ಪಡೆದು ಹೊರಚಾಚಿರುತ್ತದೆ. ಕೊಂಬೆ ಬುಡದಲ್ಲಿ ದಪ್ಪವಾಗಿ ತುದಿಗೆ ಹೋದಂತೆ ಸಣ್ಣಗಾಗುವುದು ಏತಕ್ಕೋ, ಸ್ಪಾರೂ ಬುಡದಲ್ಲಿ ದಪ್ಪವಾಗಿರುವುದು ಅದಕ್ಕೇ. ನೆಲದ ಮೇಲೆ ನಿಂತಾಗ ರೆಕ್ಕೆ ತನ್ನ ಭಾರದಿಂದ ಕೆಳಗೆ ಜಗ್ಗುತ್ತದೆ. ಹಾರುವಾಗ ಗಾಳಿ ಅದನ್ನು ಮೇಲಕ್ಕೆ ಬಾಗಿಸುತ್ತದೆ. ಆಗ ಕೆಳಮೈ ಎಳೆತಕ್ಕೂ, ಮೇಲ್ಮೈ ಅದುಮುವಿಕೆಗೂ ಒಳಗಾಗುತ್ತದೆ. ಎಳೆತ, ಅದುಮು, ಬಾಗು, ತಿರುಚು, ಕತ್ತರಿಯಂತೆ ಒಂದು ಪದರವನ್ನು ಇನ್ನೊಂದರ ಮೇಲೆ ಜಾರಿಸುವ ಬಲ ಎಂಬ ಐದೂ ವಿಮಾನದ ಒಂದೇ ದೇಹದಲ್ಲಿ ಒಂದೇ ಗಳಿಗೆಯಲ್ಲಿ ಸಂಭವಿಸಬಹುದು. ಅದರಲ್ಲಿಯೂ ಕಲಿಯುವವನ ವಿಮಾನಕ್ಕೆ ಕಷ್ಟ ಹೆಚ್ಚು. ಅದು ಆಕಾಶದಲ್ಲಿ ಮಗುಚಬೇಕು, ಸುರುಳಿ ಸುತ್ತಬೇಕು. ಇಳಿಯುವಾಗ ಶಿಷ್ಯನು ತಪ್ಪಿ ನೆಲಕ್ಕೆ ಕುಕ್ಕಿದರೆ ಅದನ್ನೂ ಸಹಿಸಬೇಕು. ಕಸರತ್ತಿನ ವಿಮಾನದ ರೆಕ್ಕೆ ಇಡೀ ವಿಮಾನದ ತೂಕದ ಐದಾರು ಪಟ್ಟನ್ನು ತಡೆಯಬೇಕೆಂದೂ, ಅದರ ಮೇಲೆ ಮತ್ತೆ ಒಂದೂವರೆ ಪಟ್ಟು ಅಂತರವನ್ನು ಕ್ಷೇಮಕ್ಕಾಗಿ ಇಟ್ಟುಕೊಳ್ಳಬೇಕೆಂದೂ ಆ ಶಾಸ್ತ್ರದ ರೂಢಿ. ಅಂತರವನ್ನು ಹೆಚ್ಚು ಇಟ್ಟರೆ ಕೇಡೇನು ಎಂದು ಕೇಳಬಹುದು. ಹೆಚ್ಚು ಬಲಕ್ಕೆ ಹೆಚ್ಚು ಲೋಹ, ಹೆಚ್ಚು ಲೋಹಕ್ಕೆ ಹೆಚ್ಚು ಭಾರ; ಭಾರವಾದ ವಿಮಾನ ಏಳುವುದೇ ಇಲ್ಲ. ರೆಕ್ಕೆಯ ಯಾವ ಭಾಗದ ಮೇಲೆ ಗಾಳಿಯ ಬಲವೆಷ್ಟೆಂಬುದನ್ನು ನಿಖರವಾಗಿ ಬಲ್ಲವನು ಮಾತ್ರ ಎಲ್ಲಿ ದಪ್ಪ ಎಲ್ಲಿ ತೆಳು ಎಂದು ನಿಶ್ಚಯಿಸಬಲ್ಲನು. ಗಟಿಂಗನ್ನಿನಲ್ಲಿ ಪ್ರಾಂಡ್ಟಲ್ ಕೊಟ್ಟ ವಿದ್ಯೆ ಬೆಂಗಳೂರಿನ ತಗಡಿನ ದಪ್ಪವಾಗಿ ಪರಿಣಮಿಸಿದ ಬಗೆ ಇದು.

ಇನ್ನು ಗೆರೆಯ ವಿಷಯ. ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವುದನ್ನು ಎಲ್ಲರೂ ಬಲ್ಲರು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿದಾರಿ, ದಕ್ಷಿಣಕ್ಕೆ ಹುಣಿಸೆಮರ ಎಂದು ಬರೆದರೆ ಆಯಿತು. ಮರವನ್ನು ಕಡಿದರೆ, ಹಳ್ಳ ದಿಕ್ಕು ಬದಲಿಸಿದರೆ ವ್ಯಾಜ್ಯ. ಸರ್ವೆ ಇಲಾಖೆಯವರು ಬಾಂದುಕಲ್ಲು ನೆಟ್ಟು, ಚೈನು ಹಿಡಿದು ಅಳೆಯುವುದು ಈ ವ್ಯಾಜ್ಯವನ್ನು ತಪ್ಪಿಸಲೆಂದೇ. ವಿಮಾನಕ್ಕೂ ಇಂತಹ ಬಾಂದುಕಲ್ಲು ಬೇಕು. ರೆಕ್ಕೆಯ ಹತ್ತಿರ, ಬಾಲದ ಕಡೆಗೆ, ಕೆಳಗೆ ಎಂದರೆ ಸಾಲದು. ಆದುದರಿಂದ ವಿಮಾನಶಿಲ್ಪಿಯು ಮೊದಲು ಮೂತಿಯಲ್ಲಿಯೋ, ಮೂತಿಗೂ ಮುಂದೆ ಬಯಲಿನಲ್ಲಿಯೋ ಒಂದು ಕಲ್ಪಿತ ಸಮತಲವನ್ನು ಗೊತ್ತುಮಾಡುತ್ತಾನೆ. ಅದು ಸೊನ್ನೆ. ಅಲ್ಲಿಂದ ಹಿಂದಕ್ಕೆ ಇಷ್ಟು ಅಂಗುಲವೆಂಬ ಸಂಖ್ಯೆಗೆ ಸ್ಟೇಷನ್ ಎಂದು ಹೆಸರು. ವಿಮಾನವನ್ನು ಉದ್ದಕ್ಕೆ ಸಮವಾಗಿ ಸೀಳುವ ನಡುಗೆರೆಯಿಂದ ಎಡಕ್ಕೋ ಬಲಕ್ಕೋ ಇಷ್ಟು ಅಂಗುಲವೆಂಬುದಕ್ಕೆ ಬಟಕ್ ಲೈನ್. ಒಂದು ನಿಯತ ತಳದಿಂದ ಮೇಲಕ್ಕೆ ಇಷ್ಟು ಅಂಗುಲವೆಂಬುದಕ್ಕೆ ವಾಟರ್ ಲೈನ್. ಈ ಮೂರು ಸಂಖ್ಯೆಗಳನ್ನು ಹೇಳಿದರೆ ವಿಮಾನದ ಯಾವ ಬಿಂದುವೂ ಬಚ್ಚಿಟ್ಟುಕೊಳ್ಳಲಾರದು.

ನೀರೇ ಇಲ್ಲದ ಆಕಾಶಯಾನದಲ್ಲಿ ನೀರಿನ ಗೆರೆಯೆಲ್ಲಿಂದ ಬಂದಿತು? ಹಡಗು ಕಟ್ಟುವವರಿಂದ ಬಂದಿತು. ಹಡಗಿನ ಪಕ್ಕೆಯಲ್ಲಿ ನೀರು ಮುಟ್ಟುವ ಮಟ್ಟಗಳನ್ನು ಸೂಚಿಸುವ ಗೆರೆಗಳಿಗೆ ಅವರಿಟ್ಟ ಹೆಸರನ್ನು ವಿಮಾನ ಕಟ್ಟುವವರು ಹಾಗೆಯೇ ಎತ್ತಿಕೊಂಡರು. ನಮ್ಮ ವೈಯಾಕರಣರಿಗೆ ಇದು ಹೊಸದಲ್ಲ. ದರ್ಭೆಯನ್ನು ಕೈಕೊಯ್ಯದಂತೆ ಕೀಳಬಲ್ಲವನೇ ಮೂಲದಲ್ಲಿ ಕುಶಲನು. ಇಂದು ದರ್ಭೆಯನ್ನೇ ಕಾಣದವನೂ ಕುಶಲನೆನಿಸುತ್ತಾನೆ. ಯೋಗಾರ್ಥ ಅಳಿದು ರೂಢಾರ್ಥ ಉಳಿಯುವುದೆಂದರೆ ಇದೇ. ಹಾಗೆಯೇ ನಡುಗೆರೆಯ ಕಲ್ಪನೆ ನಮ್ಮ ಸ್ಥಪತಿಗಳಿಗೆ ಪರಿಚಿತವೇ. ಮೂರ್ತಿಯ ನೆತ್ತಿಯಿಂದ ಪಾದದವರೆಗೆ ಇಳಿಬಿಡುವ ಬ್ರಹ್ಮಸೂತ್ರದಿಂದಲೇ ಅವರು ಎಡಬಲದ ಅಂಗಗಳನ್ನು ಅಳೆಯುತ್ತಿದ್ದರು. ಮೂರ್ತಿಯ ಬಲಗೈಯೆಂದರೆ ಮೂರ್ತಿಯದೇ ಬಲಗೈ, ಎದುರು ನಿಂತು ನೋಡುವವನ ಬಲವಲ್ಲ. ವಿಮಾನದಲ್ಲಿಯೂ ಎಡಬಲಗಳು ಮುಂದಕ್ಕೆ ಮುಖಮಾಡಿ ಕುಳಿತ ಚಾಲಕನ ಎಡಬಲಗಳೇ.

ಈ ಗೆರೆಗಳ ಉಪಯೋಗ ನಕ್ಷೆಯ ಕೋಣೆಗೇ ಮುಗಿಯುವುದಿಲ್ಲ. ದೂರದ ವಾಯುನೆಲೆಯಲ್ಲಿ ಕಾರ್ಮಿಕನೊಬ್ಬನು ತಗಡಿನ ಮೇಲೆ ಕೂದಲೆಳೆಯಷ್ಟು ಬಿರುಕನ್ನು ಕಂಡರೆ, ಸ್ಟೇಷನ್ ಸಂಖ್ಯೆ, ಸ್ಟ್ರಿಂಗರಿನ ಸಂಖ್ಯೆ, ಎಡವೋ ಬಲವೋ ಎಂಬಿಷ್ಟನ್ನು ಬರೆದು ಕಳುಹಿದರೆ ಸಾಕು. ಬೆಂಗಳೂರಿನಲ್ಲಿ ಕುಳಿತ ಶಿಲ್ಪಿಯು ನಕ್ಷೆಯನ್ನು ಬಿಡಿಸಿ ಅದೇ ಜಾಗದ ಮೇಲೆ ಬೆರಳಿಡುತ್ತಾನೆ. ಆ ಬಿರುಕು ಒಂದು ವಿಮಾನದ ದೋಷವೋ, ಎಲ್ಲ ವಿಮಾನಗಳಲ್ಲಿಯೂ ಅದೇ ಜಾಗದಲ್ಲಿ ಹುಟ್ಟುತ್ತಿರುವ ರಚನೆಯ ದೋಷವೋ ಎಂಬುದು ಸಂಖ್ಯೆಗಳನ್ನು ಕೂಡಿಸಿ ನೋಡಿದಾಗಲೇ ತಿಳಿಯುವುದು. ಎಷ್ಟು ಜೀವಗಳು ಈ ಸಣ್ಣ ಸಂಖ್ಯೆಗಳ ಮೇಲೆ ನಿಂತಿವೆಯೆಂಬುದನ್ನು ಪ್ರಯಾಣಿಕರು ಅರಿಯರು.

ಸಮತೂಕದ ಲೆಕ್ಕವೂ ಇದೇ ಸೊನ್ನೆಯಿಂದ ಹೊರಡುತ್ತದೆ. ಎತ್ತಿನಗಾಡಿಗೆ ಹೇರು ಹಾಕುವ ರೈತನು ಮುಂಭಾರ ಹಿಂಭಾರಗಳನ್ನು ನೋಡಿಯೇ ಹಾಕುತ್ತಾನೆ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳಿಗೆ ಬರುತ್ತದೆ. ವಿಮಾನದಲ್ಲಿ ಮುಂಭಾರವಾದರೆ ಇಳಿಯುವಾಗ ಮೂತಿ ಏಳದು. ಹಿಂಭಾರವಾದರೆ ಅಪಾಯ ಇನ್ನೂ ಹೆಚ್ಚು, ಗಿರಕಿಗೆ ಸಿಕ್ಕಿದ ವಿಮಾನ ಅದರಿಂದ ಹೊರಬರುವುದೇ ಕಷ್ಟವಾದೀತು. ಒಂದು ಕಲ್ಪಿತ ವಿಮಾನವನ್ನು ತೆಗೆದುಕೊಳ್ಳೋಣ. ಬರಿಯ ವಿಮಾನದ ತೂಕ 1500 ಪೌಂಡು, ಅದರ ಭಾರಕೇಂದ್ರ ಸೊನ್ನೆಯಿಂದ 80 ಅಂಗುಲದಲ್ಲಿದೆ. ಮುಂದೆ 70ನೆಯ ಅಂಗುಲದಲ್ಲಿ 150 ಪೌಂಡಿನ ಶಿಷ್ಯ, ಹಿಂದೆ 110ನೆಯ ಅಂಗುಲದಲ್ಲಿ ಅಷ್ಟೇ ತೂಕದ ಗುರು. ಪ್ರತಿಯೊಂದು ತೂಕವನ್ನೂ ಅದರ ದೂರದಿಂದ ಗುಣಿಸಿ ಕೂಡಿದರೆ 1,47,000. ಒಟ್ಟು ತೂಕವಾದ 1800ರಿಂದ ಭಾಗಿಸಿದರೆ ಭಾರಕೇಂದ್ರ 81.67ನೆಯ ಅಂಗುಲಕ್ಕೆ ಬಂದು ನಿಲ್ಲುತ್ತದೆ. ಈಗ ಶಿಷ್ಯನು ಒಬ್ಬನೇ ಹಾರುವ ದಿನ ಬಂದಿತು. ಗುರು ತನ್ನ ಆಸನದಿಂದ ಎದ್ದು ಕೆಳಗಿಳಿದನು. ಮೊತ್ತ 1,30,500, ತೂಕ 1650, ಭಾರಕೇಂದ್ರ 79.09ಕ್ಕೆ ಸರಿಯಿತು. ಎರಡೂವರೆ ಅಂಗುಲಕ್ಕಿಂತ ತುಸು ಹೆಚ್ಚು. ಗುರುವಿಲ್ಲದ ಆ ಮೊದಲ ಹಾರಾಟದಲ್ಲಿ ವಿಮಾನವೇ ಬೇರೆಯಾದಂತೆ ಶಿಷ್ಯನಿಗೆ ತೋರಬಾರದು. ಗುರು ಕೂತರೂ ಎದ್ದರೂ ಭಾರಕೇಂದ್ರ ಕ್ಷೇಮದ ಎಲ್ಲೆಯೊಳಗೇ ಇರಬೇಕು. ಒಂದರ ಹಿಂದೊಂದು ಆಸನವಿರುವ ಶಿಕ್ಷಣ ವಿಮಾನವನ್ನು ರಚಿಸುವವನು ಈ ದಿನವನ್ನು ಲೆಕ್ಕದ ಹಾಳೆಯ ಮೇಲೆ ಮೊದಲೇ ಕಂಡಿರಬೇಕು.

1951ರ ಆಗಸ್ಟ್ ತಿಂಗಳಿನಲ್ಲಿ ಎಚ್‌ಟಿ-2ರ ಮೊದಲ ಮಾದರಿ ಬೆಂಗಳೂರಿನ ನೆಲವನ್ನು ಬಿಟ್ಟಿತು. ಚಾಲಕರು ಕ್ಯಾಪ್ಟನ್ ಜಮ್ಷೆಡ್ ಮುನ್ಷಿ. ಮೊದಲ ಹಾರಾಟವೆಂದರೆ, ಕಾಗದದ ಮೇಲಿನ ಎಲ್ಲ ಸಂಖ್ಯೆಗಳಿಗೂ ಒಬ್ಬ ಮನುಷ್ಯನ ಪ್ರಾಣವನ್ನು ಹೊಣೆಯಿಡುವುದು. ಪರರ ನಕ್ಷೆಯ ವಿಮಾನವಾದರೆ ಅದರ ಜಾತಿಯ ಇನ್ನೊಂದು ಎಲ್ಲಿಯೋ ಹಾರಿದೆಯೆಂಬ ಧೈರ್ಯವಾದರೂ ಇರುತ್ತದೆ. ಇಲ್ಲಿ ಅದಿರಲಿಲ್ಲ. ಗುಣಾಕಾರದಲ್ಲಿ ತಪ್ಪಿದ್ದರೆ ಅದು ಘಾಟಗೆಯವರದೂ ಅವರ ಸಂಗಡಿಗರದೂ ಆಗುತ್ತಿತ್ತು. ಅದರ ದಂಡವನ್ನು ತೆರುವವರು ಮುನ್ಷಿಯವರಾಗುತ್ತಿದ್ದರು. ವಿಮಾನ ಏರಿತು, ಸುತ್ತಿತು, ಇಳಿಯಿತು. ಸಿರಸ್ ಎಂಬ 155 ಅಶ್ವಶಕ್ತಿಯ ಎಂಜಿನ್ನನ್ನು ಕೂಡಿಸಿದ ಎರಡನೆಯ ಮಾದರಿ 1952ರಲ್ಲಿ ಹಾರಿತು. ಎಂಜಿನ್ನು ಪರದೇಶದ್ದೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಒಡಲೂ ರೆಕ್ಕೆಯೂ ನಮ್ಮವು. ಹೃದಯವನ್ನು ಮಾತ್ರ ಎರವಲು ತರಬೇಕಾಯಿತು. ಆ ಎರವಲು ಮುಂದೆಯೂ ನಮ್ಮ ವಿಮಾನೋದ್ಯಮವನ್ನು ಬಹುಕಾಲ ಕಾಡಿದ ಕೊರತೆ.

ಒಟ್ಟು 170ಕ್ಕೂ ಮೀರಿ ಎಚ್‌ಟಿ-2 ವಿಮಾನಗಳು ನಿರ್ಮಾಣವಾದವು. ವಾಯುಪಡೆಯ ತರುಣರು, ಹಾರಾಟದ ಕ್ಲಬ್ಬುಗಳ ವಿದ್ಯಾರ್ಥಿಗಳು ಅದರಲ್ಲಿ ಅಕ್ಷರಾಭ್ಯಾಸ ಮಾಡಿದರು. ಆಫ್ರಿಕದ ಘಾನಾ ದೇಶವು ಸ್ವತಂತ್ರವಾಗಿ ತನ್ನದೇ ವಾಯುಪಡೆಯನ್ನು ಕಟ್ಟಿಕೊಂಡಾಗ ಅಲ್ಲಿಗೂ 12 ವಿಮಾನಗಳು ಹೋದವು. ಬೆಂಗಳೂರಿನ ಸುತ್ತಣ ತಾಲ್ಲೂಕುಗಳಿಂದ ಕಾರ್ಖಾನೆಗೆ ಸೇರಿ, ರಿವೆಟ್ಟು ಹೊಡೆದು, ತಗಡು ಬಾಗಿಸಿದ ಕೈಗಳ ಕೆಲಸ ಸಮುದ್ರವನ್ನು ದಾಟಿತು.

1956ರಲ್ಲಿ ಜರ್ಮನಿಯ ಪ್ರಖ್ಯಾತ ವಿಮಾನಶಿಲ್ಪಿ ಕುರ್ಟ್ ಟಾಂಕ್ ಅವರನ್ನು ಸರ್ಕಾರ ಬೆಂಗಳೂರಿಗೆ ಕರೆತಂದು ಯುದ್ಧವಿಮಾನದ ರಚನೆಯನ್ನು ವಹಿಸಿತು. ಅವರ ನೇತೃತ್ವದಲ್ಲಿ ರೂಪುಗೊಂಡ ಮಾರುತವು 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಚಾಲನೆಯಲ್ಲಿ ಹಾರಿತು. ಲೋಕದ ಕಣ್ಣು ಯುದ್ಧವಿಮಾನದ ಮೇಲೆ ನೆಟ್ಟಿದ್ದಾಗ ಘಾಟಗೆಯವರ ಬಳಗ ಸಣ್ಣ ವಿಮಾನಗಳ ಕಾಯಕವನ್ನು ಮುಂದುವರಿಸಿತು. 1958ರಲ್ಲಿ ಕ್ಲಬ್ಬುಗಳಿಗಾಗಿ ಪುಷ್ಪಕ. ಅದು ಅಮೆರಿಕದ ಏರಾಂಕಾ ವಿಮಾನವೊಂದರ ಧಾಟಿಯನ್ನು ಅನುಸರಿಸಿದುದು, ಎಚ್‌ಟಿ-2ರಷ್ಟು ಸ್ವತಂತ್ರ ಕೃತಿಯಲ್ಲವೆಂಬುದನ್ನು ಒಪ್ಪಬೇಕು. 1959ರಲ್ಲಿ ಸೈನ್ಯದವರ ವೀಕ್ಷಣೆಗಾಗಿ ಕೃಷಕ. ಮಾರುತ, ಪುಷ್ಪಕ, ಕೃಷಕ, ಕಿರಣವೆಂದು ಸೊಗಸಾಗಿ ಹೆಸರಿಟ್ಟವರ ಅಭಿರುಚಿಯನ್ನು ಮೆಚ್ಚಬೇಕು. ಸೈನಿಕನು ಶತ್ರುವನ್ನು ನೋಡುವ ವಿಮಾನಕ್ಕೆ ಉಳುವವನ ಹೆಸರೇಕೆ ಬಂದಿತೆಂಬುದು ಮಾತ್ರ ಸ್ವಲ್ಪ ಚೋದ್ಯವೇ.

ಘಾಟಗೆಯವರ ಕೊನೆಯ ದೊಡ್ಡ ಕೃತಿ ಕಿರಣ. ಜೆಟ್ ಎಂಜಿನ್ನಿನ ಈ ಶಿಕ್ಷಣ ವಿಮಾನದಲ್ಲಿ ಗುರುಶಿಷ್ಯರು ಹಿಂದುಮುಂದಾಗಿ ಕೂರುವುದಿಲ್ಲ. ಮಗ್ಗುಲಲ್ಲಿ ಮಗ್ಗುಲಾಗಿ ಕೂರುತ್ತಾರೆ. ಶಿಷ್ಯನ ಕೈ ಎಲ್ಲಿದೆ, ಕಣ್ಣು ಎಲ್ಲಿದೆ ಎಂಬುದು ಗುರುವಿಗೆ ಕಾಣುತ್ತದೆ. ಗುರುವಿನ ಕೈ ಶಿಷ್ಯನಿಗೆ ಕಾಣುತ್ತದೆ. 1964ರ ಸೆಪ್ಟೆಂಬರ್ 4ರಂದು ಕಿರಣದ ಮೊದಲ ಹಾರಾಟ ನಡೆಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಕಾರ್ಖಾನೆ ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಹೊಸ ಹೆಸರನ್ನು ತಳೆಯಿತು. ಮರುವರ್ಷ, 1965ರಲ್ಲಿ, ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 1996ರಲ್ಲಿ ವಾಯುಪಡೆಯು ಸೂರ್ಯಕಿರಣವೆಂಬ ಕಸರತ್ತಿನ ತಂಡವನ್ನು ಕಟ್ಟಿದಾಗ ಆರಿಸಿಕೊಂಡುದು ಕಿರಣ ವಿಮಾನವನ್ನೇ. 2011ರವರೆಗೂ, ಯಲಹಂಕದ ವೈಮಾನಿಕ ಪ್ರದರ್ಶನಗಳಲ್ಲಿ ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುತ್ತಿದ್ದ ಆ ಕೆಂಪುಬಿಳಿಯ ವಿಮಾನಗಳನ್ನು ಕಂಡು ಕೈತಟ್ಟಿದವರಲ್ಲಿ, ಅವುಗಳ ಮೊದಲ ಗೆರೆಗಳನ್ನು ಎಳೆಯಿಸಿದವರಾರೆಂದು ಬಲ್ಲವರು ಎಷ್ಟು ಮಂದಿ ಇದ್ದರೋ!

ಅದನ್ನು ನೋಡಲು ಘಾಟಗೆಯವರು ಇರಲಿಲ್ಲ. 1991ರ ಡಿಸೆಂಬರಿನಲ್ಲಿ, ತಮ್ಮ ಎಂಬತ್ತಮೂರನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಎಚ್‌ಟಿ-2 ಕೂಡ ಅದಕ್ಕೆ ಸ್ವಲ್ಪ ಮೊದಲು, ಸುಮಾರು ಮೂರೂವರೆ ದಶಕಗಳ ಸೇವೆಯ ತರುವಾಯ, ವಾಯುಪಡೆಯಿಂದ ನಿವೃತ್ತವಾಗಿತ್ತು. ಬೆಂಗಳೂರಿನ ವಿಮಾನಪುರದಲ್ಲಿ ಕಾರ್ಖಾನೆಯವರು ಕಟ್ಟಿಸಿದ ಸಭಾಭವನಕ್ಕೆ ಡಾ॥ ವಿ.ಎಂ. ಘಾಟಗೆಯವರ ಹೆಸರಿದೆ. ಅದು ನಿಂತಿರುವ ರಸ್ತೆಗೆ, 1970ರ ಜನವರಿಯಲ್ಲಿ ಮಾರುತದ ಪರೀಕ್ಷೆಯಲ್ಲಿಯೇ ಪ್ರಾಣವನ್ನು ತೆತ್ತ ಸುರಂಜನ್ ದಾಸ್ ಅವರ ಹೆಸರು.